ಒಳಗೆ ಸಾಮಾನು ಹಿಡಿಸುವ ಪಫಿ ಸ್ಟೂಲ್: ಮೂರು ಮಳೆಗಾಲದ ಬಳಕೆ

ಸೋಫಾ ಮುಂದೆ ಕಾಲಿಡಲು ಬೇಕು, ಮುಚ್ಚಳ ತೆಗೆದರೆ ಒಳಗೆ ಸಾಮಾನೂ ಹಿಡಿಯಬೇಕು ಅನ್ನುವವರಿಗೆ ಮಾಡಿದ ದುಂಡನೆಯ ವೆಲ್ವೆಟ್ ಪಫಿ. ಅಡ್ಡಳತೆ 16 ಇಂಚು, ಎತ್ತರವೂ ಅಷ್ಟೇ. ಒಡಲು, ತಳ ಎರಡೂ ಎಂಡಿಎಫ್, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಕೆಳಗೆ ನಾಲ್ಕು ಮರದ ಕಾಲು. ತೀರ್ಥಹಳ್ಳಿ ಕಡೆಯ ಹಂಚಿನ ಮನೆಯಲ್ಲಿ ಮೂರು ಮಳೆಗಾಲ ಕಂಡಿದೆ. ಕೂತರೆ ಈಗಲೂ ಗಟ್ಟಿ, ಫೋಮ್ ಕುಸಿದಿಲ್ಲ. ಆದರೆ ಬಯಲುಸೀಮೆಯವರು ಕೊಟ್ಟ ಐದು ಸ್ಟಾರ್ ನಂಬಿ ಮಲೆನಾಡಿನವರು ಕೊಳ್ಳಬೇಡಿ.

ಎಲ್ಲರೂ ನೋಡುವುದು ಬಟ್ಟೆಯ ಬಣ್ಣ. ಇಲ್ಲಿ ನೋಡಬೇಕಾದ್ದು ತಳ. ಜಡಿಮಳೆಯಲ್ಲಿ ರೆಡ್ ಆಕ್ಸೈಡ್ ನೆಲ ಬೆವರುತ್ತದೆ. ಆ ಪಸೆ, ನೆಲ ಒರೆಸಿದ ನೀರು ಎರಡೂ ಎಂಡಿಎಫ್‌ನ ಕತ್ತರಿಸಿದ ಅಂಚಿನಿಂದ ಒಳಗೆ ಇಳಿಯುತ್ತವೆ. ಒಮ್ಮೆ ಊದಿದ ಎಂಡಿಎಫ್ ಒಣಗಿದರೂ ಮೊದಲಿನಂತಾಗುವುದಿಲ್ಲ. ಊತ ಮೊದಲು ಕಾಣುವುದು ಕಾಲಿನ ಬೋಲ್ಟ್ ಸುತ್ತ, ಕಾಲು ಅಲ್ಲಾಡತೊಡಗುತ್ತದೆ. ಆಗ ಇನ್ನಷ್ಟು ಬಿಗಿ ಮಾಡಿದರೆ ಹಿಡಿತ ಪೂರ್ತಿ ಪುಡಿಯಾಗುತ್ತದೆ. ಕಾಲು ಬಿಚ್ಚಿ, ತಳದ ಒಳಗಡೆ 12 ಎಂಎಂ ಪ್ಲೈವುಡ್ ತುಂಡು ಕೂರಿಸಿ, ಹೊಸ ಟೀ ನಟ್ (ಕಾಲಿನ ಬೋಲ್ಟ್ ತಿರುಗಿಸಲು ಹಲಗೆಗೆ ಹೊಡೆದು ಕೂರಿಸುವ ಹಲ್ಲಿನ ನಟ್) ಹಾಕಿಸಿ. ಬಡಗಿಗೆ ಅರ್ಧ ಗಂಟೆಯ ಕೆಲಸ.

ಬೂಷ್ಟು ಶುರುವಾಗುವುದು ಮೇಲಲ್ಲ, ಮುಚ್ಚಳದ ಒಳಮೈಯಲ್ಲಿ. ಅಲ್ಲಿ ಗಾಳಿಯಿಲ್ಲ, ಮೇಲಿನ ಫೋಮ್ ಪಸೆ ಹಿಡಿದಿಟ್ಟಿರುತ್ತದೆ. ತಿರುಗಿಸಿ ನೋಡಿದರೆ ಕಪ್ಪು ಬಟ್ಟೆಯ ಮೇಲೆ ಬೂದಿ ಉದುರಿದ ಹಾಗೆ ಬಿಳಿ ಚುಕ್ಕೆ, ಅಂಚಿನುದ್ದಕ್ಕೂ ಸ್ಟೇಪ್ಲರ್ ಪಿನ್ನಿನ ತುಕ್ಕಿನ ಕಲೆ. ಪಿನ್ನು ತುಕ್ಕಿಗೆ ತುಂಡಾದರೆ ವೆಲ್ವೆಟ್ ಸಡಿಲವಾಗಿ ಸುಕ್ಕುಗಟ್ಟುತ್ತದೆ. ಕುಶನ್ ಕೆಲಸದವರಲ್ಲಿ ಜಿಂಕ್ ಲೇಪದ ಪಿನ್ನು ಕೇಳಿ ಹೊಡೆಸಿಕೊಳ್ಳಬೇಕು.

ಮೇ ತಿಂಗಳಲ್ಲೇ ಮಾಡಿಕೊಳ್ಳಬೇಕಾದ ಕೆಲಸ ಇದೆ. ಪಫಿ ಮಗುಚಿ, ಕಾಲು ಬಿಚ್ಚಿ, ತಳಕ್ಕೂ ಅಂಚಿಗೂ ಎರಡು ಕೋಟ್ ಆಯಿಲ್ ಪೇಂಟ್ ಅಥವಾ ವಾರ್ನಿಷ್ ಬಳಿಯಿರಿ. ಅಂಚಿಗೆ ಮೂರನೆಯದೂ ಇರಲಿ, ನೀರು ಹೀರುವುದು ಅದೇ. ಒಳಗೆ ಗಾಳಿಯಾಡಲು ತಳದಲ್ಲಿ 10 ಎಂಎಂನ ನಾಲ್ಕೈದು ತೂತು ಕೊರೆದು ಒಳಗಿನಿಂದ ಸೊಳ್ಳೆ ಪರದೆ ಅಂಟಿಸಿ. ಕೊರೆಯುವಾಗ ಹಿಂದೆ ರಿಪೀಸಿನ ತುಂಡು ಒತ್ತಿ ಹಿಡಿಯದಿದ್ದರೆ ತೂತಿನ ಸುತ್ತ ಚಕ್ಕೆ ಏಳುತ್ತದೆ. ಕಾಲಿನಡಿಗೆ ರಬ್ಬರ್ ಬುಷ್ ಹಾಕಿ.

ಬೂಷ್ಟು ಬಂದರೆ ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ, ಫೋಮಿಗೆ ಇಳಿಯುತ್ತದೆ. ಹೊರಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಬ್ರಷ್‌ನಲ್ಲಿ ಝಾಡಿಸಿ, ಗಾಳಿಗಿಡಿ. ನೆತ್ತಿಯ ಬಿಸಿಲಿಗೆ ದಿನಗಟ್ಟಲೆ ಇಟ್ಟರೆ ವೆಲ್ವೆಟ್ ಬಣ್ಣ ಹೋಗುತ್ತದೆ.

ಒಳಗೆ ಏನಿಡಬಹುದು? ಬೇಸಿಗೆಯಲ್ಲಿ ಏನು ಬೇಕಾದರೂ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಂಬಳಿ, ರೇಷ್ಮೆ ಸೀರೆ, ಪುಸ್ತಕ, ಆಲ್ಬಮ್ ಬೇಡವೇ ಬೇಡ. ಮಕ್ಕಳ ಪ್ಲಾಸ್ಟಿಕ್ ಆಟಿಕೆಗೆ ಅಡ್ಡಿಯಿಲ್ಲ. ನುಸಿಗುಳಿಗೆ ಹುಳಕ್ಕಾಯಿತು, ಬೂಷ್ಟಿಗಲ್ಲ. ಸಿಲಿಕಾ ಜೆಲ್ ಪೊಟ್ಟಣ ಇಲ್ಲಿನ ಮಳೆಯಲ್ಲಿ ಬೇಗ ತುಂಬಿಕೊಂಡು ಸುಮ್ಮನಾಗುತ್ತದೆ. ಪಸೆ ಹೀರಿ ನೀರು ತುಂಬಿಕೊಳ್ಳುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಬೀರುವಿಗೆ ಸರಿ, ಕಾಲಲ್ಲಿ ಆಚೆ ಈಚೆ ತಳ್ಳುವ ಪಫಿಗಲ್ಲ; ಚೆಲ್ಲಿದರೆ ಆ ಉಪ್ಪುನೀರು ಪಿನ್ನು, ಬೋಲ್ಟುಗಳನ್ನೇ ತಿನ್ನುತ್ತದೆ.

ಶಿವಮೊಗ್ಗ ಪೇಟೆಯ ಮನೆಗಳಲ್ಲಿ ಇಷ್ಟು ಕಾಟವಿಲ್ಲ, ಇದೇ ಪಫಿ ನಡೆಯುತ್ತದೆ. ಹೊಸನಗರ, ಆಗುಂಬೆ ಕಡೆಯವರು ಐಎಸ್ 710 ಗುರುತಿನ, ನೀರಿಗೆ ನಿಲ್ಲುವ ಮರೀನ್ ಪ್ಲೈವುಡ್‌ನಲ್ಲಿ ಮಾಡಿಸುವುದೇ ಒಳ್ಳೆಯದು. ಐಎಸ್ 303 ಇರುವ ಎಂಆರ್ (ಪಸೆಯನ್ನಷ್ಟೇ ತಡೆಯುವ) ಪ್ಲೈ ಅಗ್ಗ, ಆದರೆ ನೀರಿಗೆ ನಿಲ್ಲುವುದಿಲ್ಲ. ರೆಕ್ಸಿನ್‌ನಂತೆ ಒರೆಸಲು ಸುಲಭ ಅಂತ ಪಿಯು ಲೆದರ್ (ಕೃತಕ ಚರ್ಮ) ಆರಿಸಿದರೆ ಪಸೆಗೆ ಮೇಲ್ಪದರ ಸಿಪ್ಪೆ ಸುಲಿದು ಬರುತ್ತದೆ. ಪಾಲಿಯೆಸ್ಟರ್ ವೆಲ್ವೆಟ್ಟೇ ವಾಸಿ. ಇನ್ನು ಮಡಚಿಡುವ ರಟ್ಟಿನ ಪಫಿ, ಕಾಲಿಲ್ಲದೆ ನೇರ ನೆಲಕ್ಕೆ ಕೂರುವ ಮಾದರಿ ಪುಕ್ಕಟೆ ಕೊಟ್ಟರೂ ಬೇಡ.