ಮಡಚು ಪುಸ್ತಕದಲ್ಲಿ ಕಾಗದದ ಹೂ: ಕೊಂಡದ್ದೋ, ಮಾಡಿದ್ದೋ?

ಯುಗಾದಿಗೆ ಎರಡು ವಾರ ಇರುವಾಗಲೇ ವಿಜಯಪುರದ ಬಿಸಿಲಿಗೆ ತಟ್ಟೆಯಲ್ಲಿ ಕಲಸಿಟ್ಟ ಬಣ್ಣ ಒಣಗಿ ಹೊಪ್ಪಳಿಕೆ ಏಳುತ್ತದೆ. ಜಲವರ್ಣಕ್ಕೆ ಕಾಗದ ಹೇಗಿದೆ ಅಂತ ನೋಡಲು ಇದಕ್ಕಿಂತ ಕಠಿಣ ಪರೀಕ್ಷೆ ಬೇಡ. ಅದಕ್ಕೇ ಈ ಸಲ ಕಂಪೌಂಡಿನ ಅವೇ ಹೂಗಳ ಚಿತ್ರವನ್ನು ಎರಡು ಮಡಚು ಪುಸ್ತಕಗಳಲ್ಲಿ (ಉದ್ದ ಪಟ್ಟಿಯನ್ನು ಹಿಂದೆ ಮುಂದೆ ಮಡಚಿ ಮಾಡಿದ ಪುಸ್ತಕ) ತೆಗೆದೆ. ಒಂದು ಆನ್‌ಲೈನಿನಲ್ಲಿ ತರಿಸಿದ್ದು, ಮರದ ತಿರುಳಿನ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಕಾಗದ. ಇನ್ನೊಂದು 300 ಜಿಎಸ್‌ಎಂ ಹತ್ತಿ ಕಾಗದದಿಂದ ನಾನೇ ಮಾಡಿಕೊಂಡದ್ದು.

ಮಾಡುವುದೇನೂ ಕಷ್ಟವಿಲ್ಲ. 56×76 ಸೆಂ.ಮೀ. ಹಾಳೆಯನ್ನು ಉದ್ದಕ್ಕೆ 14 ಸೆಂ.ಮೀ. ಅಗಲದ ನಾಲ್ಕು ಪಟ್ಟಿ ಮಾಡಿ, ಎರಡೆರಡು ಅಂಟಿಸಿದರೆ ಒಂದೂವರೆ ಮೀಟರಿನ ಎರಡು ಪುಸ್ತಕ. ತೊಂದರೆ ಇರುವುದು ಮಡಿಕೆಯಲ್ಲಿ. ದಪ್ಪ ಕಾಗದ ಸುಮ್ಮನೆ ಮಡಚಿದರೆ ಸಿಗಿಯುತ್ತದೆ. ಸ್ಟೀಲ್ ಪಟ್ಟಿ ಇಟ್ಟು ಹೆಣಿಗೆ ಕಡ್ಡಿಯಿಂದ ಗೆರೆ ಒತ್ತಿ ಮಡಚಿದೆ. ಆದರೂ ಒತ್ತಿದ ಕಡೆ ಬಣ್ಣ ಥಟ್ಟನೆ ಹೀರದಂತೆ ಕಾಗದಕ್ಕೆ ಹಚ್ಚಿದ ಅಂಟಿನ ಲೇಪ ಒಡೆದು, ಬಣ್ಣ ಹೆಚ್ಚು ಹೀರಿ ಕಪ್ಪು ಗೆರೆ ಮೂಡಿತು. ಅಲ್ಲೊಂದು ಕಣಗಿಲೆಯ ಟೊಂಗೆ ತೆಗೆದು ಮುಚ್ಚಿದೆ. ಕೊಂಡ ಪುಸ್ತಕದ ಮಡಿಕೆ ನೀಟು, ಆದರೆ ನೀರು ಬಿದ್ದ ಪುಟಗಳೆಲ್ಲ ಹಪ್ಪಳ.

ದಾಸವಾಳದಲ್ಲಿ ಹತ್ತಿ ಕಾಗದಕ್ಕೆ ಎದುರೇ ಇಲ್ಲ. ಎಸಳಿಗೆ ಮೊದಲು ಬರೀ ನೀರು ಸವರಿ, ಬುಡಕ್ಕೆ ಗಾಢ ಕೆಂಪು ಮುಟ್ಟಿಸಿದರೆ ಅದು ತಾನಾಗಿ ಅಂಚಿಗೆ ಹರಿಯಬೇಕು. ಹತ್ತಿ ಕಾಗದ ನೀರನ್ನು ಒಳಗೆ ಹಿಡಿದಿಟ್ಟುಕೊಂಡಿತು. ಇನ್ನೊಂದು ಕೆಂಪು ಕಲಸಿಕೊಂಡು ಬರುವಷ್ಟು ಪುರಸೊತ್ತು ಸಿಕ್ಕಿತು. ಕೊಂಡದ್ದರಲ್ಲಿ ನೀರು ಮೇಲೇ ನಿಂತು, ನೋಡುತ್ತಿದ್ದಂತೆ ಆರಿ, ಎಸಳಿನ ನಡುವೆ ಗಟ್ಟಿ ಅಂಚು ಬಿತ್ತು. ಎರಡನೇ ಕೋಟು ಹಚ್ಚಲು ಹೋದರೆ ಮೊದಲನೆಯದೇ ಎದ್ದು ಬಂತು.

ಹಾಗಂತ ತೀರ್ಪು ಬರೆದಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಕಾಗದದ ಹೂವಿನ, ಅಂದರೆ ಬೋಗನ್‌ವಿಲ್ಲಾದ, ಸರದಿ ಬಂತು. ಎರಡೂ ಪುಸ್ತಕದಲ್ಲಿ ಗೊಂಚಲು ಪೂರ್ತಿ ಗುಲಾಬಿ ಬಣ್ಣ ತುಂಬಿ ಅವ್ವಗೆ ತೋರಿಸಿದೆ.

‘ಛಂದ ಐತಿ. ಹೂ ಎಲ್ಲಿ? ಬರೇ ಎಲಿ ತಗದೀಯಲ್ಲ!’

ಅವಳು ಹೇಳಿದ್ದು ಖರೆ. ಬೋಗನ್‌ವಿಲ್ಲಾದಲ್ಲಿ ಬಣ್ಣ ಇರುವುದು ಎಲೆಗೆ; ನಿಜವಾದ ಹೂ ಅದರ ನಡುವೆ ಕಡ್ಡಿಯಂತೆ ನಿಂತ ಸಣ್ಣ ಬಿಳಿ ಕೊಳವೆ. ಕೊಂಡ ಪುಸ್ತಕದಲ್ಲಿ ಒದ್ದೆ ಬ್ರಷ್ ತಿಕ್ಕಿ, ಟಿಶ್ಯೂ ಒತ್ತಿದೆ. ಬಿಳಿ ಮತ್ತೆ ಕಾಣಿಸಿತು. ಬಣ್ಣ ಏಳುವುದು ದಾಸವಾಳದಲ್ಲಿ ಶಾಪ, ಇಲ್ಲಿ ವರ. ಹತ್ತಿ ಕಾಗದ ಮಾತ್ರ ಹಿಡಿದ ಗುಲಾಬಿ ಬಿಡಲಿಲ್ಲ. ಕೊನೆಗೆ ಬಿಳಿ ಪೋಸ್ಟರ್ ಕಲರ್ ಇಟ್ಟೆ, ಸುಣ್ಣ ಬಳಿದಂತೆ ಕಾಣುತ್ತದೆ. (ಗುಲಾಬಿ ಬಣ್ಣಕ್ಕೆ ಅಲಿಜರಿನ್ ಕ್ರಿಮ್ಸನ್ ಅನ್ನುವ ಕೆಂಪು ಬಳಸಬೇಡಿ, ಬೆಳಕಿಗೆ ಮಾಸುತ್ತದೆ. ಕ್ವಿನಾಕ್ರಿಡೋನ್ ರೋಸ್ ಬಾಳುತ್ತದೆ.)

ಆಲಮಟ್ಟಿಯ ಉದ್ಯಾನಕ್ಕೆ ಎರಡನ್ನೂ ಒಯ್ದಿದ್ದೆ. ಹಿನ್ನೀರಿನ ಗಾಳಿಗೆ ಕೊಂಡ ಪುಸ್ತಕ ಸರ್ರನೆ ಬಿಚ್ಚಿಕೊಂಡು ಹುಲ್ಲಿನ ಮೇಲೆ ಹಾವಿನಂತೆ ಹರಿಯಿತು. ಹತ್ತಿಯದು ಭಾರ, ಅಲುಗಲಿಲ್ಲ. ಬಟ್ಟೆ ಕ್ಲಿಪ್ ನಾಲ್ಕು ಜೇಬಿನಲ್ಲಿರಲಿ.

ಈಗ ಕೆಂಪು, ಕಿತ್ತಳೆ ಹೂವೆಲ್ಲ ನಾನು ಮಾಡಿದ ಪುಸ್ತಕಕ್ಕೇ. ಕೊಂಡದ್ದರಲ್ಲಿ ಮೂರು ಮಡಿಕೆ ಖಾಲಿ ಇವೆ. ಮಲ್ಲಿಗೆ ಬಿರಿಯುವ ತನಕ ಮುಟ್ಟುವುದಿಲ್ಲ.