ಹುಬ್ಬಳ್ಳಿ, ಶಿವಮೊಗ್ಗದ ಸಣ್ಣ ವಿಮಾನ: ದರ ಪರವಾಗಿಲ್ಲ, ಟೈಮಿಗೆ ಗ್ಯಾರಂಟಿ ಇಲ್ಲ

ರೇಟಿಂಗ್: ಐದಕ್ಕೆ ಎರಡೂವರೆ

ನಮ್ಮ ದಾವಣಗೆರೆಗೆ ವಿಮಾನ ನಿಲ್ದಾಣ ಇಲ್ಲ. ಬಟ್ಟೆ ಅಂಗಡಿಗೆ ಸರಕು ತರಲು ಮೊದಲು ಹುಬ್ಬಳ್ಳಿಗೆ ಹೋಗಿ ವಿಮಾನ ಹತ್ತುತ್ತಿದ್ದೆ. 2023ರಲ್ಲಿ ಶಿವಮೊಗ್ಗ ನಿಲ್ದಾಣ ಶುರುವಾದ ಮೇಲೆ ಅಲ್ಲಿಂದಲೂ ಹೋಗುತ್ತೇನೆ.

ವಿಮಾನದ ಒಳಗೆ ನನ್ನದೇನೂ ತಕರಾರಿಲ್ಲ. ತಕರಾರೆಲ್ಲ ಹೊರಡುವುದರ ಬಗ್ಗೆ. ಬಾಡಿಗೆ ಕಾರು ಮಾಡಿಕೊಂಡು ಅರ್ಧ ದಾರಿ ಹೋದಮೇಲೆ ರದ್ದು ಅಂತ ಮೆಸೇಜ್ ಬರುತ್ತದೆ. ಒಂದು ಕಂಪನಿಯಂತೂ ನಾನು ಹೋಗುತ್ತಿದ್ದ ಮಾರ್ಗವನ್ನೇ ಕೈಬಿಟ್ಟಿತು. ಟಿಕೆಟ್ ದುಡ್ಡು ವಾಪಸ್ ಪಡೆಯಲು ಫೋನ್ ಮಾಡಿ ಮಾಡಿ ಸಾಕಾಯಿತು.

ಇದರ ಹಿಂದಿನ ಲೆಕ್ಕ ವ್ಯಾಪಾರಸ್ಥರಿಗೆ ಬೇಗ ತಿಳಿಯುತ್ತದೆ. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ ಸುಮಾರು ಅರ್ಧ ಸೀಟಿಗೆ ದರದ ಮಿತಿ ಇದೆ. ಶುರುವಿನಲ್ಲಿ ಒಂದು ಗಂಟೆ ಹಾರಾಟಕ್ಕೆ 2,500 ರೂಪಾಯಿ ಇತ್ತು. ನಷ್ಟ ತುಂಬಿಕೊಡಲು ಆಗ ಮೂರು ವರ್ಷ ಸಹಾಯಧನ. ಆಮೇಲೆ ಕಂಪನಿ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ರಿಯಾಯಿತಿಗೆ ಬಂದ ಗಿರಾಕಿ ಆಮೇಲೂ ಬರಬೇಕಂದ್ರೆ ಅಂಗಡಿ ಬಾಗಿಲು ದಿನಾ ಹೊತ್ತಿಗೆ ಸರಿಯಾಗಿ ತೆಗೆದಿರಬೇಕು, ಅಲ್ವಾ?

2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಕಡಿಮೆ ದರದ ಏರ್ ಡೆಕ್ಕನ್ ಮೊದಲು ಹಾರಿದ್ದೇ ಬೆಂಗಳೂರು, ಹುಬ್ಬಳ್ಳಿ ನಡುವೆ. ಜನ ಹತ್ತಿದರು, ನಷ್ಟ ತಪ್ಪಲಿಲ್ಲ. ಅದನ್ನು ಕೊಂಡ ಕಿಂಗ್‌ಫಿಷರ್ ಊಟ, ಥಳುಕು ಎಲ್ಲ ಕೊಟ್ಟೂ 2012ರಲ್ಲಿ ನಿಂತುಹೋಯಿತು. ಇಂಡಿಗೊ ಶುರುವಿನ ಸುಮಾರು ಹತ್ತು ವರ್ಷ ಒಂದೇ ಬಗೆಯ ವಿಮಾನ ಇಟ್ಟುಕೊಂಡಿತು. ಪೈಲಟ್ ತರಬೇತಿ, ಬಿಡಿಭಾಗ, ರಿಪೇರಿ ಎಲ್ಲದರ ಖರ್ಚೂ ಹಿಡಿತದಲ್ಲಿತ್ತು. ಊಟ ಬೇಕಾದವರು ಕೊಂಡು ತಿನ್ನಬೇಕು. ನನಗೆ ಅದೇ ಸರಿ ಅನ್ನಿಸುತ್ತದೆ.

ಸೋತ ಸಣ್ಣ ಕಂಪನಿಗಳು ಹೊಸ ಬಣ್ಣ, ಹೊಸ ಯೂನಿಫಾರಂ ಅಂತ ಸುಮ್ನೆ ಖರ್ಚು ಮಾಡುವುದು ಬೇಡ. ಹತ್ತು ಊರಿಗೆ ಆಗೊಮ್ಮೆ ಈಗೊಮ್ಮೆ ಹೋಗುವ ಬದಲು ನಾಲ್ಕು ಊರಿಗೆ ದಿನಾ ಹಾರಲಿ. ಇರುವುದೇ ಬೆರಳೆಣಿಕೆಯ ವಿಮಾನ. ಒಂದು ಕೆಟ್ಟರೆ ಇಡೀ ದಿನದ ವೇಳಾಪಟ್ಟಿ ಹಾಳು. ಹಾಗಾಗಿ ಮಾರ್ಗ ಕಡಿಮೆ ಮಾಡಿಯಾದರೂ ಒಂದು ವಿಮಾನವನ್ನು ಕೈಯಲ್ಲಿ ಇಟ್ಟುಕೊಳ್ಳಬೇಕು. ಇವರ ಪೈಪೋಟಿ ಬೇರೆ ವಿಮಾನದ ಜೊತೆ ಅಲ್ಲ, ರೈಲಿನ ಜೊತೆ. 2023ರಿಂದ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ. ಬೆಂಗಳೂರಿಗೆ ಹೋಗಿ ಅಲ್ಲಿಂದ ದೊಡ್ಡ ವಿಮಾನ ಹಿಡಿಯುವವರು ನಮ್ಮ ಮಂಡಿಪೇಟೆಯಲ್ಲೂ ಇದ್ದಾರೆ.

ಆದರೂ ಹೋಗುವವರು ದಿನದ ಮೊದಲ ವಿಮಾನ ಬುಕ್ ಮಾಡಿ. ಒಂದೇ ವಿಮಾನ ಊರೂರು ಸುತ್ತುವುದರಿಂದ ಬೆಳಗಿನ ಅರ್ಧ ಗಂಟೆ ತಡ ಸಂಜೆಗೆ ಎರಡು ಗಂಟೆ ಆಗಿರುತ್ತದೆ.