ಒಂಟಿ, ಜೋಡಿ, ನಾಲ್ವರು: ಆರು ತಾಸಿನ ಎಂಟಿಬಿ ರೇಸಿಗೆ ಯಾವುದು ಸೈ?

ಆರು ತಾಸಿನ ಎಂಟಿಬಿ, ಅಂದರೆ ಮೌಂಟನ್ ಬೈಕ್ (ಗುಡ್ಡಗಾಡಿನ ಸೈಕಲ್) ರೇಸಿನ ಪದ್ಧತಿ ಸರಳ. ಏಳೆಂಟು ಕಿಲೋಮೀಟರಿನ ಒಂದು ಸುತ್ತು ಇರುತ್ತದೆ. ಹೊತ್ತು ಮುಗಿಯುವುದರೊಳಗೆ ಹೆಚ್ಚು ಸುತ್ತು ಹಾಕಿದವರು ಗೆದ್ದರು. ಒಬ್ಬರೇ ಓಡಿಸಬಹುದು, ಇಬ್ಬರು ಸರದಿ ಹಚ್ಚಬಹುದು, ನಾಲ್ವರು ಹಂಚಿಕೊಳ್ಳಬಹುದು. ಹೆಸರು ಬರೆಸುವಾಗ ಹೊಸಬರು ಕಿಲೋಮೀಟರಿನ ಲೆಕ್ಕ ಹಾಕುತ್ತಾರೆ: ನಾಲ್ಕು ಮಂದಿಯಾದರೆ ತನ್ನ ಪಾಲಿಗೆ ಮೂರೇ ಸುತ್ತು, ಆರಾಮ ಎಂದು. ಮೂರೂ ರೀತಿಯನ್ನು ಧಾರವಾಡ, ಗದಗ ಸೀಮೆಯ ಮಸಾರಿ (ಕೆಂಪು ಮಣ್ಣು), ಎರಿ (ಕಪ್ಪು ಮಣ್ಣು), ಗರಸಿನ (ಹರಳು ನೆಲ) ಮೇಲೆ ಹಾಕಿ ನೋಡಿದರೆ ಆ ಲೆಕ್ಕ ತಲೆಕೆಳಗಾಗುತ್ತದೆ. ಎರಡು ಸರದಿಯ ನಡುವೆ ಎಷ್ಟು ಬಿಡುವು ಸಿಗುತ್ತದೆ ಅನ್ನುವುದೇ ಊಟ, ಟೈರಿನ ಗಾಳಿ, ಗಿಯರು ಎಲ್ಲವನ್ನೂ ತೀರ್ಮಾನಿಸುತ್ತದೆ.

ನಡುಮಟ್ಟದ ಸವಾರರು, 8 ಕಿ.ಮೀ. ಸುತ್ತು ಎಂದು ಹಿಡಿಯಿರಿ. ನಾಲ್ವರ ತಂಡದವರು ಜೀವ ಬಿಟ್ಟು ಓಡಿಸಿದರೆ ಸುತ್ತಿಗೆ 24 ನಿಮಿಷ, ಜೋಡಿಯವರಿಗೆ 26, ಒಂಟಿ ಸವಾರರಿಗೆ 29. ನಾಲ್ವರಲ್ಲಿ ಒಬ್ಬರಿಗೆ ಸಿಗುವ ಬಿಡುವು ಒಂದು ತಾಸು ಹದಿನೈದು ನಿಮಿಷ. ಜೋಡಿಯಲ್ಲಿ ಒಂದೊಂದು ಸುತ್ತಿಗೆ ಬದಲಾದರೆ ಅರ್ಧ ತಾಸೂ ಇಲ್ಲ. ಎರಡೆರಡು ಸುತ್ತಿಗೆ ಬದಲಾದರೆ ಐವತ್ತು ನಿಮಿಷಕ್ಕೆ ಮೇಲೆ. ಒಂಟಿಗೆ ಸೊನ್ನೆ.

ನಾಲ್ವರ ತಂಡ

ಒಂದು ತಾಸು ಕಾಲು ಬಿಡುವು ಕೇಳಲು ಹಿತ. ಕಾಲಿಗೆ ಮಾತ್ರ ಅದೇ ಕಷ್ಟ. ಬೆವರು ಆರುತ್ತದೆ, ತೊಡೆ ಬಿಗಿಯುತ್ತದೆ. ಹಾಗೇ ಎದ್ದು ಹೋಗಿ ಮೊದಲ ಏರಿನಲ್ಲೇ ಪೂರ್ತಿ ಬಲ ಹಾಕಿದರೆ ಐದು ನಿಮಿಷಕ್ಕೆ ದಮ್ಮು ಕಟ್ಟಿ, ಉಳಿದ ಸುತ್ತೆಲ್ಲ ಅದನ್ನು ತೀರಿಸುವುದರಲ್ಲೇ ಹೋಗುತ್ತದೆ. ಆದ್ದರಿಂದ ಸರದಿಗೆ 12 ನಿಮಿಷ ಮುಂಚೆ, ಅಂದರೆ ಹಿಂದಿನವರು ಅರ್ಧ ಸುತ್ತು ಮುಗಿಸುವ ಹೊತ್ತಿಗೆ, ಸೈಕಲ್ ಹತ್ತಿ ಹಗುರ ಗಿಯರಿನಲ್ಲಿ ಕಾಲಾಡಿಸಬೇಕು. ನಡುವೆ ಒಂದೆರಡು ಸಲ ಅರ್ಧ ನಿಮಿಷ ಜೋರಾಗಿ ತುಳಿಯಬೇಕು. ಇಲ್ಲಿ ಪ್ರತಿ ಸುತ್ತೂ ಎದೆಬಡಿತ ಗರಿಷ್ಠದ ಶೇ. 85–90ರ ಮೇಲೆ ನಡೆಯುತ್ತದೆ. ತಯಾರಿ ಇಲ್ಲದವರಿಗೆ ನಾಲ್ವರ ತಂಡ ಸಲೀಸು ಅನ್ನುವುದು ಅದಕ್ಕೇ ಸುಳ್ಳು.

ಎರಡನೆಯದು ಕೈಬದಲು. 24 ನಿಮಿಷದ ಸುತ್ತಿಗೆ 14 ಸುತ್ತೆಂದರೆ 336 ನಿಮಿಷ. ನಡುವೆ 13 ಸಲ ಚಿಪ್ (ಸುತ್ತು ಎಣಿಸುವ ಬಿಲ್ಲೆ) ಕೈ ಬದಲಾಯಿಸಬೇಕು. ಸಲಕ್ಕೆ ಒಂದು ನಿಮಿಷ ಹಿಡಿದರೆ 349ಕ್ಕೆ ಮುಗಿಯುತ್ತದೆ. ಎರಡು ನಿಮಿಷ ಹಿಡಿದರೆ 362. ಹದಿನಾಲ್ಕನೆಯ ಸುತ್ತು ಕೈಬಿಟ್ಟಿತು. ಚಿಪ್ಪನ್ನು ವೆಲ್ಕ್ರೋ ಪಟ್ಟಿಯಿಂದ ಕಣಕಾಲಿಗೆ ಕಟ್ಟಲು ಕೊಟ್ಟಿದ್ದರೆ, ಬಂದವರು ನಿಂತಲ್ಲೇ ಕಾಲು ಚಾಚಬೇಕು, ಮೂರನೆಯವರು ಬಿಚ್ಚಿ ಹೊರಡುವವರ ಕಾಲಿಗೆ ಕಟ್ಟಬೇಕು. ಓಡಿಸಿ ಬಂದವರ ಕೈ ನಡುಗುತ್ತಿರುತ್ತದೆ, ಪಟ್ಟಿ ಅವರ ಕೈಗೆ ಸಿಗುವುದಿಲ್ಲ. ಗುಡ್ಡದಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ. ಯಾರು ಎಷ್ಟಕ್ಕೆ ಹೊರಟರು, ಎಷ್ಟಕ್ಕೆ ಬರಬೇಕು ಎಂದು ಒಂದು ರಟ್ಟಿನ ಮೇಲೆ ದಪ್ಪಗೆ ಬರೆದು ಡೇರೆಗೆ ತೂಗುಹಾಕಿ. ಇಷ್ಟೆಲ್ಲ ಮಾಡಿದರೂ ಸರದಿಯವರು ಚಹಾ ಕುಡಿಯಲು ಹೋಗಿರುತ್ತಾರೆ, ಅದಕ್ಕೆ ಔಷಧವಿಲ್ಲ.

ಒಂದು ಅನುಕೂಲವನ್ನು ಮಾತ್ರ ಒಪ್ಪಬೇಕು. ನಾಲ್ವರ ಸೈಕಲ್ಲಿಗೂ ಒಂದೇ ಅಳತೆಯ ಆಕ್ಸಲ್, ಒಂದೇ ಅಳತೆಯ ಡಿಸ್ಕ್, ಒಂದೇ ಬಗೆಯ 12 ಸ್ಪೀಡ್ ಕ್ಯಾಸೆಟ್ (ಹಿಂದಿನ ಹಲ್ಲುಗಾಲಿಗಳ ಗೊಂಚಲು) ಇದ್ದರೆ ಹಿಂದಿನ ಗಾಲಿ ಒಂದೇ ಒಂದು ಹೆಚ್ಚಿಗೆ ಇಟ್ಟುಕೊಂಡರೆ ಸಾಕು.

ಜೋಡಿ

ಜೋಡಿ ಅಂದರೆ ಎರಡು ಬೇರೆ ಆಟಗಳು. ಒಂದರಲ್ಲಿ ಇಬ್ಬರೂ ಜೊತೆಯಾಗಿಯೇ ಓಡಿಸಬೇಕು. ದಕ್ಷಿಣ ಆಫ್ರಿಕಾದಲ್ಲಿ 2004ರಿಂದ ನಡೆಯುವ ಎಂಟು ದಿನಗಳ ಕೇಪ್ ಎಪಿಕ್ ಆ ಬಗೆಯದು. ಅಲ್ಲಿ ಇಬ್ಬರ ನಡುವೆ ಎರಡು ನಿಮಿಷಕ್ಕಿಂತ ಹೆಚ್ಚು ಅಂತರ ಬಿದ್ದರೆ ದಂಡ. ಅಂಥ ರೇಸಿನಲ್ಲಿ ಹಿಂದುಳಿದವರ ವೇಗವೇ ಜೋಡಿಯ ವೇಗ. ಗಟ್ಟಿ ಇರುವವರು ಹತ್ಯಾರ, ಟ್ಯೂಬು, ಹೆಚ್ಚಿನ ನೀರು ಹೊತ್ತು, ಬಯಲಿನಲ್ಲಿ ಮುಂದಿದ್ದು ಗಾಳಿ ಒಡೆಯಬೇಕು. ಸಮ ಜೋಡಿ ಸಿಗದಿದ್ದರೆ ಹೆಸರು ಬರೆಸದಿರುವುದೇ ಲೇಸು. ಎಷ್ಟೋ ಗೆಳೆತನ ಏರಿನ ಮೇಲೆ ಹಳಸಿದೆ.

ಸರದಿಯ ಜೋಡಿಯಲ್ಲಿ ಆ ತೊಂದರೆ ಇಲ್ಲ. ಒಬ್ಬರು ಎರಡು ಸುತ್ತು, ಇನ್ನೊಬ್ಬರು ಒಂದು ಎಂದು ಹಂಚಿಕೊಂಡರೂ ನಡೆಯುತ್ತದೆ. ಪ್ರಶ್ನೆ ಇರುವುದು ಒಂದೊಂದೋ ಎರಡೆರಡೋ ಎನ್ನುವಲ್ಲಿ. ಒಂದೊಂದಕ್ಕೆ ಬದಲಾದರೆ ಸುತ್ತಿನ ವೇಗ ಚೆನ್ನಾಗಿ ಉಳಿಯುತ್ತದೆ, ಮೊದಲ ಎರಡು ತಾಸು ಬಹಳ ಖುಷಿ. ಮೂರನೆಯ ತಾಸಿನಿಂದ ಸಮಸ್ಯೆ ಶುರು. ಅರ್ಧ ತಾಸಿನೊಳಗೆ ಚೈನಿಗೆ ಎಣ್ಣೆ ಹಾಕಿ, ಬಾಟಲಿ ತುಂಬಿ, ಏನಾದರೂ ತಿಂದರೆ ತಿಂದದ್ದು ಹೊಟ್ಟೆಯಲ್ಲಿ ಕುಲುಕುತ್ತಿರುವಾಗಲೇ ಮತ್ತೆ ಏರು ಹತ್ತಬೇಕು. ತಿನ್ನದೆ ಹೋದರೆ ನಾಲ್ಕನೆಯ ತಾಸಿಗೆ ಕಾಲು ಖಾಲಿ. ಎರಡೆರಡು ಸುತ್ತಿನಲ್ಲಿ ಎರಡನೆಯ ಸುತ್ತು ಒಂದು ನಿಮಿಷ ನಿಧಾನವಾಗುತ್ತದೆ, ನಿಜ. ಕೈಬದಲು ಅರ್ಧಕ್ಕೆ ಇಳಿಯುತ್ತದೆ, ತಿಂದದ್ದು ಇಳಿಯಲು ಹೊತ್ತು ಸಿಗುತ್ತದೆ. ಮೊದಲ ಎರಡು ತಾಸು ಒಂದೊಂದು, ಆಮೇಲೆ ಎರಡೆರಡು, ಕೊನೆಯ ತಾಸಿನಲ್ಲಿ ಮತ್ತೆ ಒಂದೊಂದು. ಈ ಹೊಂದಿಕೆಯೇ ನಮಗೆ ಎಲ್ಲಕ್ಕಿಂತ ಒಗ್ಗಿದ್ದು. ಮೊದಲ ರೇಸಿಗೆ ಯಾರಾದರೂ ಕೇಳಿದರೆ ಕಣ್ಣು ಮುಚ್ಚಿ ಸರದಿಯ ಜೋಡಿ ಎನ್ನುತ್ತೇವೆ.

ಒಂಟಿ

ಒಂಟಿ ಸವಾರಿ ಕೆಡುವುದು ಹೆಚ್ಚಾಗಿ ಮೊದಲ ಅರ್ಧ ತಾಸಿನಲ್ಲಿ. ನಾಲ್ವರ ತಂಡದವರೂ ಅದೇ ಗೆರೆಯಿಂದ ಹೊರಡುತ್ತಾರೆ, ಅವರ ಬೆನ್ನು ಹತ್ತಿದರೆ ಮುಗಿಯಿತು. ಮೊದಲ ಎರಡು ತಾಸು ಎದೆಬಡಿತ ಗರಿಷ್ಠದ ಶೇ. 75 ದಾಟಬಾರದು. ಮೀಟರು ಇಲ್ಲದವರಿಗೆ ಅಳತೆ ಇದು: ಏರಿನಲ್ಲೂ ಪೂರ್ತಿ ಒಂದು ವಾಕ್ಯ ಮಾತಾಡಲು ಬರಬೇಕು.

ನಿಲ್ಲುವ ಹೊತ್ತನ್ನೂ ಕಟ್ಟುನಿಟ್ಟಾಗಿ ಎಣಿಸಿ. 29 ನಿಮಿಷದ ಸುತ್ತು, ಪ್ರತಿ ಸಲ ಡೇರೆಯಲ್ಲಿ ಒಂದು ನಿಮಿಷ: 359 ನಿಮಿಷಕ್ಕೆ 12 ಸುತ್ತು. ಅದೇ ಕಾಲಬಲ, ಪ್ರತಿ ಸಲ ನಾಲ್ಕು ನಿಮಿಷ: ಅದೇ 359 ನಿಮಿಷಕ್ಕೆ 11. ಕುರ್ಚಿಯ ಮೇಲೆ ಕೂತರೆ ನಾಲ್ಕು ನಿಮಿಷ ಹೇಗೆ ಹೋಯಿತೆಂದೇ ತಿಳಿಯುವುದಿಲ್ಲ. ಹಾಗಾಗಿ ಒಂಟಿ ಸವಾರರ ಡೇರೆಯಲ್ಲಿ ಕುರ್ಚಿಯನ್ನೇ ಇಡಬೇಡಿ. ತುಂಬಿದ ಬಾಟಲಿ, ಸಿಪ್ಪೆ ಅರ್ಧ ಸುಲಿದ ಬಾಳೆಹಣ್ಣು, ಒರೆಸಿದ ಕನ್ನಡಕ ಮೇಜಿನ ಮೇಲೆ ಸಾಲಾಗಿರಲಿ.

ಕಾಲಿಗಿಂತ ಮುಂಚೆ ಸೋಲುವುದು ಅಂಗೈ, ಸೊಂಟ, ಕೂರುವ ಜಾಗ. ಹ್ಯಾಂಡಲ್ಲನ್ನು ಒಂದು ಸ್ಪೇಸರ್ (ಹ್ಯಾಂಡಲ್ ಕೆಳಗಿನ ಬಳೆ) ಎತ್ತರಿಸಿ, ದಪ್ಪ ಗ್ರಿಪ್ ಹಾಕಿ, ವ್ಯಾಸಲೀನ್ ಧಾರಾಳವಾಗಿ ಹಚ್ಚಿ, ಮೂರು ತಾಸಿನ ಮೇಲೆ ಚಡ್ಡಿ ಬದಲಿಸಿ. ಈ ಒಂದಕ್ಕೆ ಮೂರು ನಿಮಿಷ ಹೋದರೆ ಹೋಗಲಿ. ಮುಂದಿನ ಹಲ್ಲುಗಾಲಿ ತಂಡಕ್ಕೆ 34 ಹಲ್ಲಿನದಾದರೆ ಒಂಟಿಗೆ 30. ಹಿಂದೆ 51 ಹಲ್ಲಿನದು ಇದ್ದರೂ 34ರಲ್ಲಿ ಐದನೆಯ ತಾಸಿನ ಏರು ನಡೆದೇ ಹತ್ತುವಂತಾಗುತ್ತದೆ.

ಹೊಟ್ಟೆಯ ಲೆಕ್ಕ

ಒಂಟಿಗೆ ತಾಸಿಗೆ 60 ಗ್ರಾಂ ಸಕ್ಕರೆ-ಪಿಷ್ಟ, 500ರಿಂದ 750 ಮಿ.ಲೀ. ನೀರು ಬೇಕು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದು ಅಪಾಯ, ರಕ್ತದ ಸೋಡಿಯಂ ಇಳಿಯುತ್ತದೆ. ಒಂದು ಲೀಟರಿಗೆಂದು ಕೊಡುವ ಓಆರ್‌ಎಸ್ ಪುಡಿಯ ಪಾಕೀಟಿನಲ್ಲಿ ಗ್ಲುಕೋಸ್ ಇರುವುದು 13.5 ಗ್ರಾಂ ಮಾತ್ರ. ಅದು ಉಪ್ಪಿನ ಕೊರತೆ ನೀಗುತ್ತದೆ, ಕಾಲಿಗೆ ಬಲ ಕೊಡುವುದಿಲ್ಲ. ಒಂದು ಪಾಕೀಟನ್ನು ಎರಡು ಲೀಟರ್ ನೀರಿಗೆ ಹಾಕಿ, 100 ಗ್ರಾಂ ಸಕ್ಕರೆ, ಒಂದು ನಿಂಬೆಹಣ್ಣು ಸೇರಿಸಿದರೆ 750 ಮಿ.ಲೀ. ಬಾಟಲಿಗೆ 42 ಗ್ರಾಂ ಸಕ್ಕರೆ ಬರುತ್ತದೆ. ಜೊತೆಗೆ ಒಂದೆರಡು ಏಲಕ್ಕಿ ಬಾಳೆಹಣ್ಣು ತಿಂದರೆ ತಾಸಿನ ಲೆಕ್ಕ ಮುಗಿಯಿತು. ಇದು ಸವಾರಿಗೆ ಮಾತ್ರ. ಭೇದಿಯಾದವರಿಗೆ ಪಾಕೀಟಿನ ಮೇಲೆ ಬರೆದ ಅಳತೆಯೇ ಸರಿ.

ಬೀಜ ತೆಗೆದ ಖರ್ಜೂರ, ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ ಚೆನ್ನಾಗಿ ನಡೆಯುತ್ತವೆ. ಶೇಂಗಾ ಚಿಕ್ಕಿ ಕಿಸೆಯಲ್ಲಿ ಕೂರುತ್ತದೆ, ಏದುಸಿರಿನಲ್ಲಿ ಅಗಿಯಲು ಬರುವುದಿಲ್ಲ. ಮೇಲಾಗಿ ಶೇಂಗಾದ ಎಣ್ಣೆ ಹೊಟ್ಟೆಯಲ್ಲಿ ತಡೆದು ಕೂರುತ್ತದೆ. ಪೇಢೆಯ ಖೋವಾಕ್ಕೂ ಅದೇ ಮಾತು, ಧಾರವಾಡದಲ್ಲಿ ನಿಂತು ಹೇಳಬಾರದು ಅಷ್ಟೇ. ಜೋಳದ ರೊಟ್ಟಿಯ ನಾರು ಹಿಂದಿನ ರಾತ್ರಿಯೂ ಬೇಡ, ಅನ್ನ ಉಣ್ಣಿ. ಜೋಡಿಯವರಿಗೆ ಎರಡೆರಡು ಸುತ್ತಿನ ಬಿಡುವಿನಲ್ಲಿ ನಾಲ್ಕು ತುತ್ತು ಮೊಸರನ್ನ ಒಗ್ಗುತ್ತದೆ. ನಾಲ್ವರ ತಂಡಕ್ಕೆ ಊಟದ ಚಿಂತೆ ಕಡಿಮೆ. ಓಡಿಸಿ ಬಂದ ಹತ್ತು ನಿಮಿಷದೊಳಗೆ ತಿಂದು, ಸರದಿಗೆ ಮುಂಚಿನ ಅರ್ಧ ತಾಸು ಬಾಯಿ ಮುಚ್ಚಿಕೊಂಡರೆ ಸಾಕು. ಗಿರಮಿಟ್ಟು ಮಿರ್ಚಿ ಕಣ್ಣೆದುರು ಬಂದಾಗ ಈ ನಿಯಮ ಮುರಿಯುತ್ತದೆ. ಮುರಿದವರ ಮುಂದಿನ ಸುತ್ತು ನೋಡಿದರೇ ಗೊತ್ತಾಗುತ್ತದೆ.

ನೆಲ, ಮುಳ್ಳು, ಟೈರು

ಧಾರವಾಡದಿಂದ ತೆಂಕಣಕ್ಕೆ, ಕಲಘಟಗಿ ಕಡೆ, ಗರಸು ಮತ್ತು ಮಸಾರಿ. ಮೂಡಣಕ್ಕೆ ನವಲಗುಂದ, ಅಣ್ಣಿಗೇರಿ, ಗದಗಿನ ಹಾದಿಯೆಲ್ಲ ಎರಿ. ಗರಸಿನಲ್ಲಿ ಗಟ್ಟಿ ನೆಲದ ಮೇಲೆ ಕಾಳು ಚೆಲ್ಲಿದಂತೆ ಹರಳು. ತಿರುವಿನಲ್ಲಿ ಮುಂದಿನ ಗಾಲಿ ಜಾರುತ್ತದೆ. ಎರಿ ಒಣಗಿದಾಗ ಬಿರುಕು ಬಿಟ್ಟಿರುತ್ತದೆ, ಉದ್ದುದ್ದ ಬಿರುಕಿಗೆ ಗಾಲಿ ಸಿಕ್ಕಿದರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುವುದೇ. ಹಸಿ ಎರಿಯಂತೂ ಟೈರಿಗೆ ಪದರದ ಮೇಲೆ ಪದರ ಮೆತ್ತಿ ಗಾಲಿಯನ್ನೇ ನಿಲ್ಲಿಸುತ್ತದೆ. ಆಗ ಜೋರು ಮಾಡಿ ತುಳಿದರೆ ಹುಲ್ಲು ಮಣ್ಣು ಸೇರಿದ ಮುದ್ದೆ ಗಿಯರು ಬದಲಿಸುವ ಡಿರೇಲರನ್ನು ಒಳಗೆಳೆದು, ಅದನ್ನು ಹಿಡಿದಿರುವ ಹ್ಯಾಂಗರ್ ಮುರಿಯುತ್ತದೆ. ಇಳಿದು, ಬದುವಿನ ಹುಲ್ಲಿನ ಮೇಲೆ ಹೊತ್ತು ನಡೆಯಿರಿ. ಚೌಕಟ್ಟಿನ ತಳಕ್ಕೆ ಮುಂಚೆಯೇ ಅಡುಗೆ ಎಣ್ಣೆ ಸವರಿದ್ದರೆ ಮೆತ್ತಿದ್ದು ಕಡ್ಡಿಗೆ ಸಲೀಸಾಗಿ ಉದುರುತ್ತದೆ. ಬ್ರೇಕಿನ ಡಿಸ್ಕಿಗೆ ಆ ಎಣ್ಣೆ ತಾಗಿದರೆ ಮಾತ್ರ ಪ್ಯಾಡು ಕೆಟ್ಟಿತು. ಹ್ಯಾಂಗರ್ ಎಷ್ಟೋ ಮಾದರಿಗಳಲ್ಲಿ ಬೇರೆ ಬೇರೆ ಬಗೆ, ಗೆಳೆಯರದು ನಿಮಗೆ ಕೂರದೆ ಹೋಗಬಹುದು. ತಂಡದಲ್ಲೂ ತಲೆಗೊಂದು ಇಟ್ಟುಕೊಳ್ಳಿ.

ಇಲ್ಲಿನ ಹಾದಿಯ ನಿಜವಾದ ವೈರಿ ಮುಳ್ಳು. ಬೇಲಿಗೆ ಕಡಿದು ಹಾಕಿದ ಬಳ್ಳಾರಿ ಜಾಲಿ, ಕರಿಜಾಲಿ, ನೆಲಕ್ಕೆ ಹಬ್ಬಿದ ನೆಗ್ಗಿಲು. ಬರೀ ಟ್ಯೂಬಿನಲ್ಲಿ ಆರು ತಾಸು ಅಂದರೆ ಅದೃಷ್ಟ ಪರೀಕ್ಷೆ. ಟ್ಯೂಬಿನೊಳಗೆ 60–80 ಮಿ.ಲೀ. ಸೀಲಂಟ್ (ತೂತನ್ನು ತಾನೇ ಮುಚ್ಚುವ ದ್ರವ) ಹಾಕುವುದು ಅಗ್ಗದ ದಾರಿ. ನೆಗ್ಗಿಲಿಗೆ ಸಾಕು, ಕಲ್ಲಿಗೆ ಬಡಿದು ಟ್ಯೂಬು ಚಿವುಟಿ ಹರಿದರೆ ನಿರುಪಯೋಗಿ. ಟ್ಯೂಬ್‌ಲೆಸ್ 29×2.25 ಇಂಚಿನ ಟೈರಿಗೆ ತಲಾ 100 ಮಿ.ಲೀ. ಸೀಲಂಟ್. ನಮ್ಮ ಬೇಸಿಗೆಯಲ್ಲಿ ಬೇಗ ಆರುತ್ತದೆ, ರೇಸಿಗೆ ವಾರ ಮುಂಚೆ ತೆಗೆದು ನೋಡಿ. 65–70 ಕೆಜಿ ತೂಕದವರಿಗೆ ಗಾಳಿಯ ಒತ್ತಡ ಮುಂದೆ 22, ಹಿಂದೆ 25 ಪಿಎಸ್‌ಐ. ಟ್ಯೂಬಿದ್ದರೆ 28ರಿಂದ 32. ನಾಲ್ವರ ತಂಡದವರು ಒಂದೆರಡು ಪಿಎಸ್‌ಐ ಏರಿಸಿ ಓಡಿಸಬಹುದು, ಒಂಟಿಯವರ ಅಂಗೈ ಅದನ್ನು ತಡೆಯುವುದಿಲ್ಲ.

ಟ್ಯೂಬ್‌ಲೆಸ್‌ನಲ್ಲಿ ಮುಳ್ಳು ಕಂಡು ಗಾಳಿ ಸೋರದಿದ್ದರೆ ಕೀಳಬೇಡಿ, ಸುತ್ತು ಮುಗಿಯಲಿ. ಸೋರಿದರೆ ಕಿತ್ತು, ತೂತು ಕೆಳಗೆ ಬರುವಂತೆ ಗಾಲಿ ತಿರುಗಿಸಿ ಹಿಡಿಯಿರಿ, ನಿಲ್ಲದಿದ್ದರೆ ಪ್ಲಗ್ (ತೂತಿಗೆ ತುರುಕುವ ರಬ್ಬರ್ ಬತ್ತಿ). ಕಲ್ಲಿಗೆ ಪಕ್ಕೆ ಸೀಳಿದರೆ ಸೀಲಂಟ್ ನಿಲ್ಲಿಸುವುದಿಲ್ಲ. ಹಳೆಯ ಟೂತ್‌ಪೇಸ್ಟ್ ಟ್ಯೂಬಿನ ತುಂಡನ್ನು ಒಳಗಿಂದ ಆನಿಸಿ ಮಾಮೂಲಿ ಟ್ಯೂಬು ಹಾಕಬೇಕು. ಹಾಕುವ ಮುಂಚೆ ಟೈರಿನ ಒಳಗೆಲ್ಲ ಬೆರಳಾಡಿಸಿ. ಇಷ್ಟು ದಿನ ಸೀಲಂಟಿನಲ್ಲಿ ಅಡಗಿದ್ದ ಹತ್ತಾರು ಮುಳ್ಳಿನ ಮೊನೆ ಹೊಸ ಟ್ಯೂಬಿಗೆ ಕಾಯುತ್ತಿರುತ್ತವೆ. ಒಂಟಿಯವರು ಎರಡು ಟ್ಯೂಬು, ಕೈಪಂಪು ಹೊರಬೇಕು. ತಂಡದವರಿಗೆ ಒಂದು ಸಾಕು.

ಕಪ್ಪತಗುಡ್ಡದ ಹಾದಿಯಲ್ಲಿ ತಾಲೀಮು ಮಾಡುವ ಆಸೆ ಎಲ್ಲರಿಗೂ. 2019ರಿಂದ ಅದು ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಗಾಲಿ ಇಳಿಸಬೇಡಿ.

ಇಪ್ಪತ್ನಾಲ್ಕು ತಾಸಾದರೆ

ಹೇಳಿದ್ದೆಲ್ಲ ಇಲ್ಲಿ ತಿರುಗುಮುರುಗು. ಜೋಡಿಯೇ ಎಲ್ಲಕ್ಕಿಂತ ಕಠಿಣ, ಏಕೆಂದರೆ ವೇಗ ತಂಡದ್ದು, ನಿದ್ದೆ ಒಂಟಿಯದು. ಓಡಿಸಲೇಬೇಕಾದರೆ ರಾತ್ರಿ ಮೂರು ಮೂರು ತಾಸಿನ ಪಾಳಿ ಮಾಡಿಕೊಳ್ಳಿ. ನಾಲ್ವರಾದರೆ ಇಬ್ಬರು ನಾಲ್ಕು ತಾಸು ಒಂದೊಂದು ಸುತ್ತಿಗೆ ಬದಲಾಗುತ್ತ ಓಡಿಸಿ, ಉಳಿದಿಬ್ಬರು ಅಷ್ಟು ಹೊತ್ತು ಮಲಗಬಹುದು. ಡಿಸೆಂಬರಿನ ಕತ್ತಲೆ ಹನ್ನೆರಡು ತಾಸಿನ ಹತ್ತಿರ, ಒಂಟಿಯವರಿಗೆ ದೀಪದ ಬ್ಯಾಟರಿಯದೇ ದೊಡ್ಡ ಖರ್ಚು. ಹೆಲ್ಮೆಟ್ಟಿಗೊಂದು, ಹ್ಯಾಂಡಲ್ಲಿಗೊಂದು ದೀಪ ಬೇಕೇ ಬೇಕು. ಹ್ಯಾಂಡಲ್ಲಿನದು ತಿರುವಿನ ಒಳಗನ್ನು ತೋರಿಸುವುದಿಲ್ಲ.

ಇನ್ನು ಕೊನೆಯ ಸುತ್ತು. ಹೊತ್ತು ಮುಗಿಯುವ ಮುಂಚೆ ಶುರುವಾದ ಸುತ್ತನ್ನು ಕೆಲವು ರೇಸಿನಲ್ಲಿ ಎಣಿಸುತ್ತಾರೆ, ಕೆಲವದರಲ್ಲಿ ಆ ಹೊತ್ತಿನೊಳಗೆ ಗೆರೆ ದಾಟಿರಬೇಕು. ಬೆಳಿಗ್ಗೆ ನಿಯಮ ಹೇಳುವಾಗ ಇದನ್ನು ಕೇಳಿಯೇ ಸರದಿ ಬರೆಯಿರಿ. ಶುರುವಾದ ಸುತ್ತನ್ನು ಎಣಿಸುವುದಾದರೆ 349ನೇ ನಿಮಿಷಕ್ಕೆ 14ನೆಯದು ಮುಗಿಸಿದ ತಂಡಕ್ಕೆ 15ನೆಯದೂ ಉಂಟು. ಆಗ ಅದಕ್ಕೆ ಹೊರಡಬೇಕಾದವರು ಬೂಟು ಬಿಚ್ಚಿ, ಚೀಲ ಕಟ್ಟಿ ಕೂತಿರಬಾರದು.